ಬಿಸಿಲೂರು, ಸೆಕೆಯೂರು: ಕಾಲೇಜು ಕಟ್ಟಡಕ್ಕೆ ಕಾರಿಡಾರೋ, ವರಾಂಡವೋ, ತೊಟ್ಟಿಯೋ?

ತರಗತಿ ಬಿಟ್ಟ ಹತ್ತು ನಿಮಿಷ ವಿದ್ಯಾರ್ಥಿಗಳು ಎಲ್ಲಿ ನಿಲ್ಲುತ್ತಾರೆ? ಹೊಸ ಕಟ್ಟಡದ ನಕ್ಷೆ ಕೈಗೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು. ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಲಿಫ್ಟ್ ಎಷ್ಟು ಎಂಬ ಲೆಕ್ಕ ಎಲ್ಲ ನಕ್ಷೆಯಲ್ಲೂ ಇರುತ್ತದೆ. ನಿಂತು ಮಾತಾಡುವ ಜಾಗದ ಲೆಕ್ಕ ಮಾತ್ರ ಇರುವುದಿಲ್ಲ. ಚಳಿಯ ದೇಶದಲ್ಲಿ ಒಂದು ಹುಲ್ಲುಹಾಸು ಬಿಟ್ಟರೆ ಜನ ತಾವಾಗಿ ಬಂದು ಕೂರುತ್ತಾರೆ. ನಮ್ಮ ಬಿಸಿಲಿನಲ್ಲಿ ಹುಲ್ಲುಹಾಸು ದಿನವಿಡೀ ಖಾಲಿ ಬಿದ್ದಿರುತ್ತದೆ. ನೆರಳು, ಕೂರಲು ಕಟ್ಟೆ, ಆ ದಾರಿಯಲ್ಲೇ ಹಾದುಹೋಗಲು ಒಂದು ಕಾರಣ, ಈ ಮೂರೂ ಒಂದೇ ಕಡೆ ಕೂಡಿದಲ್ಲಿ ಮಾತ್ರ ಹುಡುಗರು ನಿಲ್ಲುತ್ತಾರೆ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದೆರಡಕ್ಕೆ ಹಾಕಿದ ದುಡ್ಡು ದಂಡ.

ಕಟ್ಟಡ ಸಮಿತಿಯಲ್ಲಿರುವ ಅಧ್ಯಾಪಕರು, ಎಂಜಿನಿಯರುಗಳು ಮತ್ತು ಆಡಳಿತ ಮಂಡಳಿಯವರಿಗೆ ನೆರವಾಗಲೆಂದು, ಸಾಮಾನ್ಯವಾಗಿ ಮುಂದೆ ಬರುವ ಐದು ಬಗೆಯ ನಕ್ಷೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಲೆಕ್ಕಕ್ಕೆ ಎರಡು ಊರು ಇಟ್ಟುಕೊಂಡಿದ್ದೇವೆ: ಒಣ ಬಿಸಿಲಿಗೆ ಕಲಬುರಗಿ, ಸೆಕೆಗೆ ಮಂಗಳೂರು.

ಮೊದಲು ಊರು, ಆಮೇಲೆ ನಕ್ಷೆ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಅಲ್ಲಿನ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯೇ ಇದೆ. ಆದರೆ ಗಾಳಿ ಒಣಗಿರುತ್ತದೆ, ರಾತ್ರಿ ಕಾವು ಇಳಿಯುತ್ತದೆ. ದಪ್ಪ ಗೋಡೆ ರಾತ್ರಿ ತಣಿದು, ಹಗಲು ಬಹಳ ಹೊತ್ತು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಮಧ್ಯಾಹ್ನದ ಗಾಳಿ ಶತ್ರು, ಬೆಳಗಿನ ಜಾವದ ಗಾಳಿ ಮಿತ್ರ.

ಮಂಗಳೂರಿನಲ್ಲಿ ಹಗಲಿನ ಕಾವು ಅಷ್ಟು ಏರುವುದಿಲ್ಲ, ರಾತ್ರಿ ಅಷ್ಟಾಗಿ ಇಳಿಯುವುದೂ ಇಲ್ಲ. ಅಲ್ಲಿನ ಕಷ್ಟ ಬೆವರು. ಮೈಮೇಲೆ ಗಾಳಿ ಆಡಿದರೆ ಮಾತ್ರ ಹಾಯೆನಿಸುತ್ತದೆ. ಅದಕ್ಕೇ ಅಲ್ಲಿ ಬೇಕಾದದ್ದು ಎರಡೂ ಬದಿ ತೆರೆದ ತೆಳುವಾದ ಕಟ್ಟಡ. ಕಲಬುರಗಿಯ ಜಾಣತನವನ್ನು ಹಾಗೇ ಇಲ್ಲಿಗೆ ತಂದರೆ ಕಟ್ಟಡ ಇಡ್ಲಿ ಪಾತ್ರೆಯಾಗುತ್ತದೆ.

ಬೆಂಗಳೂರು ಈ ಎರಡೂ ಅಲ್ಲ. ವಾಸ್ತುಶಿಲ್ಪಿ ಬಿ.ವಿ. ದೋಶಿ ರೂಪಿಸಿದ ಅಲ್ಲಿನ ಐಐಎಂ ಆವರಣದಲ್ಲಿ ಕಲ್ಲಿನ ಗೋಡೆಗಳ ನಡುವೆ ಬೀದಿಯಂಥ ಉದ್ದನೆಯ ಹಾದಿಗಳಿವೆ. ಕೆಲವೆಡೆ ಪೂರ್ತಿ ಸೂರು, ಕೆಲವೆಡೆ ಬಳ್ಳಿ ಹಬ್ಬಿದ ತೊಲೆಗಳ ಚಪ್ಪರ, ಕೆಲವೆಡೆ ಬರೀ ಆಕಾಶ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿಗೆ ಅದು ಸೊಗಸಾಗಿ ಒಪ್ಪುತ್ತದೆ. ಅದರ ಫೋಟೊ ತೋರಿಸಿ ‘ನಮಗೂ ಇಂಥದ್ದೇ ಬೇಕು’ ಎನ್ನುವ ರಾಯಚೂರಿನ ಸಮಿತಿ ತಿಳಿಯಬೇಕಾದದ್ದು ಇಷ್ಟೆ: ಅಲ್ಲಿ ಆಕಾಶಕ್ಕೆ ತೆರೆದಿರುವ ಭಾಗ ಇಲ್ಲಿ ಮಾರ್ಚ್ ತಿಂಗಳಿಂದಲೇ ಬಾಣಲೆಯಾಗುತ್ತದೆ.

ನಿಲ್ಲುವ ಜಾಗದ ಲೆಕ್ಕ

ಒಂದು ಮಹಡಿಯಲ್ಲಿ 60 ಜನರ ಆರು ಕೊಠಡಿ ಇದ್ದರೆ ಗಂಟೆ ಬಾರಿಸಿದೊಡನೆ 360 ಜನ ಹೊರಬರುತ್ತಾರೆ. ಮೂರನೇ ಒಂದು ಪಾಲು ಅಲ್ಲೇ ನಿಂತರೂ 120 ಜನ. ಗುಂಪಾಗಿ ನಿಲ್ಲಲು ತಲೆಗೆ ಅರ್ಧ ಚದರ ಮೀಟರ್ ಹಿಡಿದರೆ 60 ಚದರ ಮೀಟರ್ ಬೇಕು. 40 ಮೀಟರ್ ಉದ್ದ, 2.4 ಮೀಟರ್ ಅಗಲದ ಕಾರಿಡಾರಿನಲ್ಲಿ ನಡೆಯುವವರಿಗೆ 1.8 ಮೀಟರ್ ಬಿಟ್ಟರೆ ನಿಲ್ಲುವವರಿಗೆ ಸಿಗುವುದು 24 ಚದರ ಮೀಟರ್ ಮಾತ್ರ. ಹೀಗಾಗಿಯೇ ಎಲ್ಲರೂ ಮೆಟ್ಟಿಲ ಮೇಲೆ ಕೂರುತ್ತಾರೆ, ಎಲ್ಲರೂ ಬೈಸಿಕೊಳ್ಳುತ್ತಾರೆ.

ಕಾರಿಡಾರನ್ನೇ 3.6 ಮೀಟರ್ ಅಗಲ ಮಾಡಿದರೆ ನಿಲ್ಲಲು 72 ಚದರ ಮೀಟರ್ ಸಿಗುತ್ತದೆ, ಕಟ್ಟಬೇಕಾದ ಒಟ್ಟು ಜಾಗ 144. ಅದರ ಬದಲು 2.4 ಮೀಟರೇ ಇಟ್ಟು, ಎರಡೆರಡು ಕೊಠಡಿಗೊಂದರಂತೆ 3 × 4.5 ಮೀಟರಿನ ಮೂರು ಅಂಕಣಗಳನ್ನು (ಗೂಡಿನಂಥ ತೆರೆದ ಜಾಗಗಳನ್ನು) ಬದಿಗೆ ಚಾಚಿದರೆ ನಿಲ್ಲಲು 64, ಒಟ್ಟು 136. ನಾವು ಎರಡನೆಯದನ್ನೇ ಆರಿಸುತ್ತೇವೆ. ಅಗಲದ ಕಾರಿಡಾರಿನಲ್ಲಿ ನಿಂತವರು ನಡೆಯುವವರ ಹರಿವಿನಲ್ಲೇ ಇರುತ್ತಾರೆ, ಭುಜ ತಾಗುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಅಂಕಣದಲ್ಲಿ ಬೆನ್ನಿಗೆ ಗೋಡೆ, ಕಣ್ಣಿಗೆ ಓಡಾಟ. ಹೀಗಿದ್ದಾಗ ಕೂತವರು ಏಳಲು ಅವಸರಪಡುವುದಿಲ್ಲ.

1. ನಡುವೆ ಕಾರಿಡಾರ್, ಎರಡೂ ಬದಿ ಕೊಠಡಿ

ಸಮಿತಿಗಳು ಮೊದಲು ಒಪ್ಪುವುದು ಇದನ್ನೇ. ಕಾರಣ ಸರಳ: 7.5 ಮೀಟರ್ ಆಳದ ಎರಡು ಕೊಠಡಿಗಳ ನಡುವೆ 2.4 ಮೀಟರ್ ಕಾರಿಡಾರ್ ಬಂದರೆ ಓಡಾಟಕ್ಕೆ ಹೋಗುವ ಜಾಗ ಸುಮಾರು ಶೇ 14. ಒಂದೇ ಬದಿ ಕೊಠಡಿ ಇದ್ದರೆ ಅದು ಶೇ 24. ಒಣ ಬಿಸಿಲಿನ ಊರಿನಲ್ಲಿ ಇದಕ್ಕೆ ಇನ್ನೊಂದು ನಿಜವಾದ ಲಾಭವಿದೆ: ಬಿಸಿಲಿಗೆ ಒಡ್ಡಿಕೊಳ್ಳುವ ಹೊರಗೋಡೆ ಕಡಿಮೆ.

ಆದರೆ ಜನ ಬೆರೆಯುವ ವಿಷಯದಲ್ಲಿ ಇದು ಎಲ್ಲಕ್ಕಿಂತ ಬಡವ. ಹಗಲಲ್ಲೂ ದೀಪ ಬೇಕು, ದನಿ ಗುಡುಗುತ್ತದೆ, ಪ್ರತಿ ಕೊಠಡಿಗೂ ಒಂದೇ ಬದಿ ಕಿಟಕಿ. ಮಂಗಳೂರಿಗಂತೂ ಬೇಡವೇ ಬೇಡ. ನಿವೇಶನ ಚಿಕ್ಕದಾಗಿ ಇದೇ ಗತಿಯಾದರೆ ಪ್ರತಿ 18–20 ಮೀಟರಿಗೆ ಒಂದು ಕೊಠಡಿಯಷ್ಟು ಅಗಲವನ್ನು ಹೊರಗಿನವರೆಗೆ ತೆರೆದು ಅಂಕಣ ಮಾಡಿ. ಕಾರಿಡಾರಿನ ಎರಡೂ ತುದಿಗಳನ್ನು ಸ್ಟೋರ್ ರೂಮಿನಿಂದ ಮುಚ್ಚಬೇಡಿ. ಬಾಗಿಲ ಮೇಲೆ 60 ಸೆಂ.ಮೀ. ಎತ್ತರದ ವೆಂಟಿಲೇಟರ್ ಇಡಿ. ಎದುರುಬದುರು ಕೊಠಡಿಗಳ ಬಾಗಿಲು ನೇರಾನೇರ ಬರದಂತೆ ಒಂದೆರಡು ಮೀಟರ್ ಸರಿಸಿ, ಪಾಠದ ಸದ್ದು ಪರಸ್ಪರ ನುಗ್ಗುವುದು ತಗ್ಗುತ್ತದೆ.

2. ಒಂದು ಬದಿ ವರಾಂಡ

ಹಳೆಯ ಸರ್ಕಾರಿ ಶಾಲೆಗಳೆಲ್ಲ ಇದೇ ಮಾದರಿಯವು, ಸುಮ್ಮನೆ ಅಲ್ಲ. ಆದರೆ ವರಾಂಡ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ.

ದಕ್ಷಿಣಕ್ಕಿದ್ದರೆ ಉತ್ತಮ. ಕಲಬುರಗಿ 17.3 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣದಲ್ಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ವರ್ಷದಲ್ಲಿ ಅವನು ಅತಿ ಕೆಳಗೆ ಇಳಿಯುವುದು ಅಂದೇ. ಆಗಲೂ 2.4 ಮೀಟರ್ ಆಳದ ವರಾಂಡ ತನ್ನ ಸೂರಿನ ಅಂಚಿನಿಂದ ಕೆಳಗೆ 2.8 ಮೀಟರ್‌ವರೆಗೆ ಗೋಡೆಗೆ ನೆರಳು ಕೊಡುತ್ತದೆ. ಎಂದರೆ ಕಿಟಕಿಗೆ ವರ್ಷವಿಡೀ ನಡುಹಗಲಿನ ನೆರಳು, ಚಳಿಗಾಲದಲ್ಲಿ ಪ್ಯಾರಪೆಟ್ (ಅಂಚಿನ ಗಿಡ್ಡ ಗೋಡೆ) ಪಕ್ಕ ನಿಂತವರಿಗೆ ಎಳೆಬಿಸಿಲು. ಉತ್ತರದ ಗೋಡೆಗೆ 60 ಸೆಂ.ಮೀ. ಸಜ್ಜಾ, ಮೇ–ಜುಲೈನಲ್ಲಿ ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಬರುವ ಬಿಸಿಲಿಗೆ ಕಿಟಕಿಯ ಎರಡು ಬದಿ ನೆಟ್ಟಗಿನ ಪಟ್ಟಿ, ಇಷ್ಟು ಸಾಕು.

ಪಶ್ಚಿಮಕ್ಕೆ ವರಾಂಡ ಇಟ್ಟು ಸಂಜೆ ಅಲ್ಲಿ ಜನ ಸೇರುತ್ತಾರೆ ಎಂದುಕೊಂಡರೆ ಮೋಸಹೋಗುತ್ತೀರಿ. ಏಪ್ರಿಲಿನಲ್ಲಿ ಸಂಜೆ ಸುಮಾರು 4.20ಕ್ಕೆ ಸೂರ್ಯ ಬರೀ 31–32 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 2.1 ಮೀಟರ್ ಎತ್ತರದ ಕಿಟಕಿಯನ್ನು ಸಜ್ಜಾದಿಂದಲೇ ಮರೆಮಾಡಲು 3.4 ಮೀಟರ್ ಚಾಚಬೇಕು. ಯಾರೂ ಚಾಚುವುದಿಲ್ಲ. ಪಶ್ಚಿಮಕ್ಕೆ ಮೆಟ್ಟಿಲು, ಶೌಚಾಲಯ, ಉಗ್ರಾಣ ಇಟ್ಟು ಮುಗಿಸಿ. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಯಿಂದ ಒಂದು ಮೀಟರಿಗಿಂತ ದೂರದಲ್ಲಿ ಜಾಲಂಧ್ರದ, ಎಂದರೆ ಕಿಂಡಿಗಳಿರುವ, ಎರಡನೇ ಗೋಡೆ ಎಬ್ಬಿಸಿ. ಜೈಪುರದ ಫ್ಯಾಷನ್ ಕಾಲೇಜು ಪರ್ಲ್ ಅಕಾಡೆಮಿಯಲ್ಲಿ ಮಾಡಿರುವುದು ಇದನ್ನೇ. ಅಲ್ಲಿ ಕಟ್ಟಡದಿಂದ ನಾಲ್ಕು ಅಡಿ ಹೊರಗೆ ಜಾಲಂಧ್ರದ ಕವಚವಿದೆ: ಕವಚ ಕಾಯುತ್ತದೆ, ನಡುವಿನ ಗಾಳಿ ಆ ಕಾವನ್ನು ಮೇಲಕ್ಕೆ ಒಯ್ಯುತ್ತದೆ, ಒಳಗೋಡೆಗೆ ಬಿಸಿಲು ತಾಗುವುದಿಲ್ಲ.

ಮಂಗಳೂರಿನಲ್ಲಿ ಲೆಕ್ಕ ಬೇರೆ. ಬಿಸಿಲಿಗೆಂದು ಕಟ್ಟಡವನ್ನು ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಮಲಗಿಸಿದರೆ ಪಶ್ಚಿಮದ ಕಡಲ ಗಾಳಿ ಗೋಡೆಗುಂಟ ಜಾರಿಹೋಗುತ್ತದೆ, ಒಳಗೆ ಬರುವುದಿಲ್ಲ. ಕಟ್ಟಡವನ್ನು 15–25 ಡಿಗ್ರಿ ತಿರುಗಿಸಿ, ಗಾಳಿಗೆ ಎದುರಾಗಿ ತೆರೆಯುವಂತೆ ಕಿಟಕಿಯ ಕದ ಕೂರಿಸಿದರೆ ಗಾಳಿ ಒಳಕ್ಕೆ ತಿರುಗುತ್ತದೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಸಂಜೆ ಬಿಸಿಲು ನುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ–ಮಳೆ ಓರೆಯಾಗಿ ಹೊಡೆಯುವುದರಿಂದ ವರಾಂಡದ ಹೊರಗೂ 1.2–1.5 ಮೀಟರ್ ಇಳಿಜಾರು ಹಂಚಿನ ಮಾಡು ಬೇಕು. ನೆಲ ಹೊರಕ್ಕೆ 80ಕ್ಕೆ 1ರಂತೆ ವಾಲಿರಲಿ, ಕಲ್ಲು ನುಣುಪಾಗಿರದಿರಲಿ. ಪಾಲಿಶ್ ಮಾಡಿದ ನೆಲದ ಮೇಲೆ ಪಾಚಿ ಹಿಡಿದರೆ ಮೊದಲ ಮಳೆಗಾಲದಲ್ಲೇ ಯಾರಾದರೂ ಬೀಳುತ್ತಾರೆ, ಮರುದಿನ ಆ ವರಾಂಡಕ್ಕೆ ಹಗ್ಗ ಕಟ್ಟುತ್ತಾರೆ.

ಇನ್ನೊಂದು ತಪ್ಪು ಎಲ್ಲೆಡೆ ಕಾಣುತ್ತದೆ: ಪ್ಯಾರಪೆಟ್‌ಗೆ ಅಂಟಿಸಿ ಕಟ್ಟೆ ಕಟ್ಟುವುದು. ಕಟ್ಟೆ 45 ಸೆಂ.ಮೀ. ಎತ್ತರವಿದ್ದು ಪ್ಯಾರಪೆಟ್ ನೆಲದಿಂದ 1.1 ಮೀಟರ್ ಇದ್ದರೆ, ಕಟ್ಟೆಯ ಮೇಲೆ ನಿಂತವನಿಗೆ ಉಳಿಯುವ ತಡೆ 65 ಸೆಂ.ಮೀ. ಮಾತ್ರ. ಎರಡನೇ ಮಹಡಿಯಲ್ಲಿ ಇದು ಪ್ರಾಣಾಪಾಯ. ಕಟ್ಟೆ ಕೊಠಡಿಯ ಗೋಡೆಯ ಕಡೆ ಇರಲಿ. ಹೊರಬದಿಗೇ ಬೇಕೆಂದರೆ ಪ್ಯಾರಪೆಟ್‌ನ ಎತ್ತರವನ್ನು ಕಟ್ಟೆಯ ಮೇಲ್ಮೈಯಿಂದ ಅಳೆಯಿರಿ. ಗೋಡೆ ಬದಿಯ ಕಟ್ಟೆಯಿಂದ ಪಾಠಕ್ಕೆ ಅಡ್ಡಿಯಾಗದಂತೆ ಆ ಗೋಡೆಯಲ್ಲಿ ಕೆಳಗೆ ಕಿಟಕಿ ಬೇಡ. ತಲೆಯಿಂದ ಮೇಲೆ, ನೆಲದಿಂದ 1.8 ಮೀಟರ್ ನಂತರ ವೆಂಟಿಲೇಟರ್ ಸಾಲು ಇಡಿ. ಮಂಗಳೂರಿನಲ್ಲಿ ಹಾಗೆ ಮುಚ್ಚಿದರೆ ಗಾಳಿ ಕಟ್ಟುವುದರಿಂದ, ಕಟ್ಟೆಯನ್ನು ಅಂಕಣಗಳಿಗೆ ಒಯ್ದು ಕೊಠಡಿಯ ಕಿಟಕಿಗಳನ್ನು ಹಾಗೇ ಬಿಡಿ.

3. ತೊಟ್ಟಿ

ನಡುವೆ ಅಂಗಳ, ಸುತ್ತ ಪಡಸಾಲೆ, ಅದರ ಹಿಂದೆ ಕೊಠಡಿ. ತೊಟ್ಟಿ ಮನೆ ನೋಡಿದವರಿಗೆ ವಿವರಿಸಬೇಕಿಲ್ಲ. ಜನ ಬೆರೆಯಲು ಇದನ್ನು ಮೀರಿಸಿದ್ದು ಇಲ್ಲ, ಏಕೆಂದರೆ ಮೂರನೇ ಮಹಡಿಯಲ್ಲಿರುವವಳಿಗೂ ಕೆಳಗೆ ಯಾರು ಕೂತಿದ್ದಾರೆಂದು ಕಾಣುತ್ತದೆ. ಕಂಡರೆ ಇಳಿದು ಬರುತ್ತಾರೆ.

ಆದರೆ ‘ತೊಟ್ಟಿ ಎಂದರೆ ತಂಪು’ ಎಂಬ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಬೇಕು. 12 ಮೀಟರ್ ಅಗಲದ ಅಂಗಳ, ಸುತ್ತ 12 ಮೀಟರ್ ಎತ್ತರದ ಮೂರು ಮಹಡಿ ಎಂದಿಟ್ಟುಕೊಳ್ಳಿ. ಏಪ್ರಿಲಿನ ಕಲಬುರಗಿಯಲ್ಲಿ ಬೆಳಿಗ್ಗೆ 9.20ರ ಸುಮಾರಿಗೆ ಅಂಗಳಕ್ಕೆ ಬಿಸಿಲು ಇಳಿಯಲು ಶುರುವಾಗುತ್ತದೆ. 10.35ಕ್ಕೆ ಅರ್ಧ ಅಂಗಳ ಬಿಸಿಲು. ಮತ್ತೆ ಅರ್ಧಕ್ಕೆ ನೆರಳು ಬರುವುದು ಮಧ್ಯಾಹ್ನ 2.10ಕ್ಕೆ, ಪೂರ್ತಿ ನೆರಳು 3.20ಕ್ಕೆ. ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಆಗ ಎಷ್ಟು ಎತ್ತರದ ಗೋಡೆಯೂ ನಡುಹಗಲಿಗೆ ನೆರಳು ಕೊಡಲಾರದು. ಊಟದ ಬಿಡುವಿನಲ್ಲಿ ಅಂಗಳ ಖಾಲಿ ಇರುವುದಕ್ಕೆ ಕಾರಣ ಹುಡುಗರ ಮೊಬೈಲ್ ಅಲ್ಲ, ಈ ರೇಖಾಗಣಿತ.

ಹಾಗಾಗಿ ಒಣ ಊರಿನ ತೊಟ್ಟಿಗೆ ನಡುವೆ ಮರ ಬೇಕೇ ಬೇಕು. ಹೊಂಗೆ, ಬೇವು ಎರಡೂ ಒಳ್ಳೆಯವು. ಬೇಸಿಗೆ ಏರುವ ಮುಂಚೆ ಎಲೆ ಉದುರಿಸಿ, ಉರಿಬಿಸಿಲು ಬರುವಷ್ಟರಲ್ಲಿ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತವೆ. ಮರ ಬೆಳೆಯುವ ಐದಾರು ವರ್ಷ ಮೊದಲ ಮಹಡಿಯ ಎತ್ತರದಲ್ಲಿ ಹಸಿರು ನೆರಳುಬಲೆ ಕಟ್ಟಲು ಗೋಡೆಯಲ್ಲೇ ಉಕ್ಕಿನ ಕೊಕ್ಕೆಗಳನ್ನು ಕಾಂಕ್ರೀಟ್ ಹಾಕುವಾಗಲೇ ಕೂರಿಸಿ. ಆಮೇಲೆ ಕೊರೆಯಲು ಹೋದರೆ ಯಾರೂ ಹೊಣೆ ಹೊರುವುದಿಲ್ಲ. ಅಂಗಳದ ಅಗಲ ಗೋಡೆಯ ಎತ್ತರಕ್ಕಿಂತ ಹೆಚ್ಚಾಗದಿರಲಿ. ಉದ್ದ ಅದರ ಒಂದೂವರೆ ಪಟ್ಟು ಇದ್ದರೂ ಸರಿ. ಪೂರ್ತಿ ಕಲ್ಲು ಹಾಸಬೇಡಿ. ಶಹಾಬಾದ್ ಕಲ್ಲು ನೆರಳಲ್ಲಿ ಎಷ್ಟು ಹಿತವೋ ಬಿಸಿಲಲ್ಲಿ ಅಷ್ಟೇ ಸುಡುತ್ತದೆ. ಅರ್ಧದಷ್ಟಾದರೂ ಮಣ್ಣು, ಗಿಡ ಇರಲಿ.

ಮರದ ಕಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಳೆದ ಮರಕ್ಕೆ ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿ ಕಾಂಡವನ್ನು ಅರ್ಧ ಮೀಟರ್ ಹೂತುಬಿಡುತ್ತಾರೆ. ಬುಡಕ್ಕೆ ಗಾಳಿಯಾಡದೆ ತೊಗಟೆ ಕೊಳೆತು ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಕಟ್ಟೆಯ ಗೋಡೆ ಕಾಂಡದಿಂದ ಎಲ್ಲ ಕಡೆ ಕನಿಷ್ಠ 1.2 ಮೀಟರ್ ದೂರವಿರಲಿ, ಒಳಗಿನ ಮಣ್ಣು ಹಳೆಯ ನೆಲಮಟ್ಟದಲ್ಲೇ ಉಳಿಯಲಿ. ಕೂರುವ ಹಾಸು 45 ಸೆಂ.ಮೀ. ಎತ್ತರ. ಎರಡೂ ಕಡೆ ಮುಖಮಾಡಿ ಕೂರುವಂತಿದ್ದರೆ 80–90 ಸೆಂ.ಮೀ. ಅಗಲ.

ತೊಟ್ಟಿಯ ಇನ್ನೊಂದು ಕಾಯಿಲೆ ಪ್ರತಿಧ್ವನಿ. ನಾಲ್ಕು ಕಡೆ ಗಟ್ಟಿ ಗೋಡೆ ಇದ್ದಾಗ ಇಪ್ಪತ್ತು ಜನರ ನಗು ಇನ್ನೂರು ಜನರದ್ದಾಗಿ ಕೇಳುತ್ತದೆ, ಅಧ್ಯಾಪಕರು ಅಂಗಳಕ್ಕೇ ಬೀಗ ಹಾಕಿಸುತ್ತಾರೆ. ಗಿಡದಿಂದ ಇದು ಹೋಗುವುದಿಲ್ಲ. ಪಡಸಾಲೆಯ ಸೂರಿನ ತಳಕ್ಕೆ ಸದ್ದು ಹೀರುವ ಮರದೆಳೆ–ಸಿಮೆಂಟ್ ಹಲಗೆ ಹೊಡೆಸಿದರೆ ಬಹುಪಾಲು ತಗ್ಗುತ್ತದೆ. ಪರೀಕ್ಷೆ ನಡೆಯುವ ಕೊಠಡಿಗಳನ್ನು ಅಂಗಳಕ್ಕೆ ಬೆನ್ನು ಮಾಡಿ ಹೊರಸಾಲಿನಲ್ಲಿಡಿ.

ಕರಾವಳಿಯಲ್ಲಿ ನಾಲ್ಕೂ ಕಡೆ ಮುಚ್ಚಿದ ತೊಟ್ಟಿ ಗಾಳಿಯನ್ನು ಕಟ್ಟಿಹಾಕುತ್ತದೆ. ಪಶ್ಚಿಮದ ಬದಿಯನ್ನು ಪೂರ್ತಿ ತೆರೆದು, ಎದುರು ಬದಿಯಲ್ಲಿ ನೆಲಮಹಡಿಯ ಒಂದು ಅಂಕಣವನ್ನೂ ತೆರೆದರೆ ಗಾಳಿ ಹಾದುಹೋಗುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನಲ್ಲಿ ಇಟ್ಟಿಗೆಯ ಜಾಲಂಧ್ರಗಳಿಂದ ಗಾಳಿಗೆ ದಾರಿ ಬಿಟ್ಟ ರೀತಿ ಈ ಹವಾಗುಣಕ್ಕೆ ಒಳ್ಳೆಯ ಪಾಠ. ನೀರಿನ ಲೆಕ್ಕವನ್ನೂ ಹಾಕಿ: ಗಂಟೆಗೆ 100 ಮಿ.ಮೀ. ಸುರಿದರೆ 200 ಚದರ ಮೀಟರ್ ಅಂಗಳಕ್ಕೇ 20,000 ಲೀಟರ್ ಬೀಳುತ್ತದೆ. ಮಾಡುಗಳೂ ಒಳಕ್ಕೆ ಇಳಿಜಾರಾಗಿದ್ದರೆ ಅದರ ಎರಡು ಮೂರು ಪಟ್ಟು. ಆದ್ದರಿಂದ ಮಾಡು ಹೊರಕ್ಕೆ ಇಳಿಯಲಿ.

4. ಕಂಬಗಳ ಮೇಲೆ ಎತ್ತಿದ ಕಟ್ಟಡ

ನೆಲಮಹಡಿಯನ್ನು ಪೂರ್ತಿ ಖಾಲಿ ಬಿಟ್ಟರೆ ದಿನವಿಡೀ ನೆರಳು, ನಾಲ್ಕೂ ಕಡೆ ಗಾಳಿ. ಕರಾವಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ, ಮಳೆಗಾಲದಲ್ಲೂ ಇನ್ನೂರು ಜನ ಒಟ್ಟಿಗೆ ನಿಲ್ಲುವ ಜಾಗ ಬೇರಾವ ನಕ್ಷೆಯಲ್ಲೂ ಸಿಗದು. ಒಣ ಊರಿಗೂ ನಡೆಯುತ್ತದೆ, ಪರ್ಲ್ ಅಕಾಡೆಮಿಯಂತೆ ನೆಲವನ್ನು ಮೆಟ್ಟಿಲುಬಾವಿಯ ಹಾಗೆ ತಗ್ಗಿಸಿದರೆ ಇನ್ನೂ ತಂಪು.

ಹಾಳಾಗುವುದು ಒಂದೇ ಕಾರಣಕ್ಕೆ: ಆರು ತಿಂಗಳಲ್ಲಿ ಅದು ಬೈಕ್ ಪಾರ್ಕಿಂಗ್ ಆಗುತ್ತದೆ. ಫಲಕ ಹಾಕಿದರೆ ನಿಲ್ಲುವುದಿಲ್ಲ. ಗೂಟ ನೆಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಗಾಲಿಕುರ್ಚಿಗೆ ಬೇಕಾದ 90 ಸೆಂ.ಮೀ. ಸಂದಿಯಲ್ಲಿ ಬೈಕೂ ನುಸುಳುತ್ತದೆ. ನೆಲವನ್ನು ಮೂರು ಮೆಟ್ಟಿಲು, ಅಂದರೆ 45 ಸೆಂ.ಮೀ. ಎತ್ತರಿಸಿ, 12ಕ್ಕೆ 1ರ ಇಳಿಜಾರಿನ ರ‍್ಯಾಂಪನ್ನು ನಡುವೆ ಒಂದು ತಿರುವು ಕೊಟ್ಟು ಕಾವಲಿನವರ ಕಣ್ಣೆದುರು ಇಡಿ. ಅದಕ್ಕಿಂತ ಮುಖ್ಯವಾಗಿ ಗೇಟಿನ ಹತ್ತಿರ ನೆರಳಿರುವ ಪಾರ್ಕಿಂಗ್ ಮೊದಲು ಕಟ್ಟಿ. ಹುಡುಗರು ಹುಡುಕುವುದು ಬೈಕಿನ ಸೀಟಿಗೆ ನೆರಳನ್ನು.

ಖಾಲಿ ನೆಲಮಹಡಿಯ ಎತ್ತರ 3.6 ಮೀಟರ್‌ಗಿಂತ ಕಡಿಮೆಯಾದರೆ ನಡುಭಾಗ ಗುಹೆಯಂತಾಗುತ್ತದೆ. ಗೋಡೆಗಳಿಲ್ಲದ ಈ ಮಹಡಿ ಭೂಕಂಪದಲ್ಲಿ ದುರ್ಬಲ ಕೊಂಡಿ. ಇಂಥದ್ದೇ ನಕ್ಷೆ ಬೇಕೆಂದು ಸ್ಟ್ರಕ್ಚರಲ್ ಎಂಜಿನಿಯರಿಗೆ ಆರಂಭದಲ್ಲೇ ಹೇಳಿ. ಕಂಬಗಳ ಗಾತ್ರ ಬದಲಾಗುತ್ತದೆ, ವೆಚ್ಚವೂ.

5. ಗಾಜಿನ ಸೂರಿನ ಹಜಾರ

ಮಾಲ್ ನೋಡಿ ಬಂದವರ ಆಸೆ ಇದು. ಏಪ್ರಿಲಿನ ನಡುಹಗಲು ಪ್ರತಿ ಚದರ ಮೀಟರ್ ಸೂರಿನ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ನಾಲ್ಕನೇ ಒಂದು ಪಾಲನ್ನಷ್ಟೇ ಒಳಬಿಡುವ ದುಬಾರಿ ಗಾಜು ಹಾಕಿದರೂ 100 ಚದರ ಮೀಟರಿಗೆ 25 ಕಿಲೊವ್ಯಾಟ್. ಅದನ್ನು ಹೊರಹಾಕಲೆಂದೇ ಏಳು ಟನ್ ಎ.ಸಿ. ಬೇಕು. ಕರೆಂಟ್ ಹೋದರೆ ಮೇಲಿನ ಮಹಡಿಯವರು ಬೇಯುತ್ತಾರೆ. ನಮ್ಮ ಸಲಹೆ: ಬೇಡ. ಬೆಳಕು ಬೇಕೆಂದರೆ ಉತ್ತರಕ್ಕೆ ಮುಖಮಾಡಿದ ನೆಟ್ಟಗಿನ ಕಿಟಕಿಗಳನ್ನು ಸೂರಿನಿಂದ ಮೇಲೆ ಎಬ್ಬಿಸಿ.

ಹಾಗಾದರೆ ಯಾವುದು?

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆ ಜಾಗವಿದ್ದರೆ ಮೂರು ಮಹಡಿಯ ತೊಟ್ಟಿ, ಒಳಬದಿಗೆ ಪಡಸಾಲೆ, ನಡುವೆ ಮರ. ಅದರ ಜೊತೆಗೆ ನೆಲಮಹಡಿಯ ಉತ್ತರದ ಮೂಲೆಯಲ್ಲಿ ದಪ್ಪ ಗೋಡೆಯ, ಸಣ್ಣ ಕಿಟಕಿಯ, ಫ್ಯಾನ್ ಇರುವ ಒಂದು ದೊಡ್ಡ ಕೋಣೆ: ಮಧ್ಯಾಹ್ನ 12ರಿಂದ 4ರವರೆಗೆ ಬುತ್ತಿ ಬಿಚ್ಚಲು, ಓದಲು, ಹರಟಲು. ಹೊರಗೆ 41 ಡಿಗ್ರಿ ಇರುವಾಗ ನೆರಳೊಂದೇ ಸಾಲದು, ಇದನ್ನು ಒಪ್ಪಿಕೊಂಡೇ ನಕ್ಷೆ ಬರೆಯಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಒಂದು ಬದಿ ವರಾಂಡದ ಕಟ್ಟಡ, ನೆಲಮಹಡಿಯ ಮೂರನೇ ಒಂದು ಭಾಗ ಖಾಲಿ. ನಿವೇಶನ ಇಕ್ಕಟ್ಟಾಗಿದ್ದರೆ ಮಾತ್ರ ನಡು ಕಾರಿಡಾರ್, ಅದೂ ಮೇಲೆ ಹೇಳಿದ ತೆರಪುಗಳೊಂದಿಗೆ.

ನಕ್ಷೆ ಯಾವುದಾದರೂ, ಜನರನ್ನು ಎಳೆಯುವ ವಸ್ತುಗಳನ್ನು ನೆರಳಿನ ಪಕ್ಕಕ್ಕೆ ತನ್ನಿ: ಕುಡಿಯುವ ನೀರು, ನೋಟಿಸ್ ಬೋರ್ಡ್, ಜೆರಾಕ್ಸ್ ಅಂಗಡಿ, ಚಹಾ. ಇವನ್ನು ಮೂಲೆಗೊಂದರಂತೆ ಚದುರಿಸಿದರೆ ಎಲ್ಲಿಯೂ ಗುಂಪು ಸೇರುವುದಿಲ್ಲ. ನಲ್ಲಿಯ ಕೆಳಗೆ ನೀರು ಹರಿದುಹೋಗಲು ದಾರಿ ಇರಲಿ, ಇಲ್ಲದಿದ್ದರೆ ಸುತ್ತ ಎರಡು ಮೀಟರ್ ಕೆಸರು. ಕಟ್ಟೆಯ ಪಕ್ಕ ಲ್ಯಾಪ್‌ಟಾಪಿಗೆ ಪ್ಲಗ್ ಕೊಡುವುದಾದರೆ ಕೂರುವ ಮಟ್ಟದಿಂದ ಅರ್ಧ ಮೀಟರ್ ಮೇಲೆ, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯೊಂದಿಗೆ.

ಪ್ರತಿ ಅಂಕಣಕ್ಕೂ ಎರಡು ದಾರಿ ಇರಬೇಕು. ಒಂದೇ ದಾರಿಯ ಮೂಲೆಯನ್ನು ಒಂದು ಗುಂಪು ಹಿಡಿದರೆ ಉಳಿದವರು, ಅದರಲ್ಲೂ ಹುಡುಗಿಯರು, ಆ ಕಡೆ ತಲೆಹಾಕುವುದಿಲ್ಲ. ಕೊನೆಗೆ ಅವರ ಪಾಲಿಗೆ ಉಳಿಯುವುದು ಲೇಡೀಸ್ ರೂಮ್ ಒಂದೇ. ಮೂರ್ನಾಲ್ಕು ಜನರ ಚಿಕ್ಕ ಕಟ್ಟೆಗಳು, ಹಾದುಹೋಗುವವರಿಗೆ ಕಾಣುವಂತೆ, ಆದರೆ ಹಾದಿಯ ನಡುವೆ ಅಲ್ಲ: ಹೀಗಿದ್ದರೆ ಎಲ್ಲರಿಗೂ ಪಾಲು ಸಿಗುತ್ತದೆ.

ಈಗಾಗಲೇ ಕಟ್ಟಿರುವ ಕಟ್ಟಡ

ಒಡೆಯಬೇಕಿಲ್ಲ. ಕಾರಿಡಾರಿನ ತುದಿಯ ಸ್ಟೋರ್ ರೂಮ್ ತೆರವು ಮಾಡಿ, ಹೊರಗೋಡೆಯ ಜಾಗಕ್ಕೆ ಜಾಲಂಧ್ರ ಕೂರಿಸಿ, ಗೋಡೆಗುಂಟ ಕಟ್ಟೆ ಕಟ್ಟಿ. ಮೇಲ್ಮಹಡಿಯ ತಾರಸಿಗೆ ಬಿಳಿ ಪಿಂಗಾಣಿ ಚೂರು ಹಾಸಿ ಅಥವಾ ಪ್ರತಿವರ್ಷ ಫೆಬ್ರುವರಿಯಲ್ಲಿ ಸುಣ್ಣ ಬಳಿಸಿ. ವರಾಂಡಕ್ಕೂ ಫ್ಯಾನ್ ಹಾಕಿಸಿ. ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್ ತಿನ್ನುತ್ತದೆ, ಹಳೆಯದು 70–75.

ಅಂಗಳದಲ್ಲಿ ಕಟ್ಟೆ ಎಲ್ಲಿ ಬರಬೇಕೆಂದು ಗೊತ್ತುಮಾಡಲು ಏಪ್ರಿಲಿನ ಒಂದು ದಿನ ಸಾಕು. ಬೆಳಿಗ್ಗೆ 10.30, ಮಧ್ಯಾಹ್ನ 1, ಸಂಜೆ 4.30ಕ್ಕೆ ನೆರಳಿನ ಅಂಚನ್ನು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆಯಿರಿ. ಮೂರೂ ಹೊತ್ತಿನ ನೆರಳು ಒಂದರ ಮೇಲೊಂದು ಬೀಳುವ ತುಂಡು ಸಿಕ್ಕರೆ ಕಟ್ಟೆ ಅಲ್ಲಿಗೆ. ಸಿಗದಿದ್ದರೆ ಬರುವ ಜೂನ್‌ನಲ್ಲಿ ಹೊಂಗೆ ಸಸಿ ನೆಡುವ ಗುಂಡಿಗೆ, ಮಧ್ಯಾಹ್ನ 1ರ ಗೆರೆಯ ಹೊರಗೆ ಗುರುತು ಹಾಕಿ.